ಸೀತಾಲಕ್ಷ್ಮಿಯವರ ಸೋಯಾ ದಿಗ್ವಿಜಯ

ಜಯನಗರ ಒಂಬತ್ತನೇ ಬ್ಲಾಕಿನ ಸೀತಾಲಕ್ಷ್ಮಿಯವರು ಕುದುರೆ ಏರಿದವರಲ್ಲ, ಕತ್ತಿ ಹಿರಿದವರಲ್ಲ. ಅವರ ಬಳಿ ಇದ್ದದ್ದು ಒಂದು ಬಟ್ಟೆಯ ಚೀಲ, ಮೊಣಕಾಲಿಗೆ ಒಂದು ಪಟ್ಟಿ, ಎದುರಿಗಿದ್ದವರು ಬಾಯಿ ತೆರೆಯುವ ಮೊದಲೇ ಉತ್ತರ ಕೊಡುವ ನಾಲಿಗೆ. ಇಷ್ಟನ್ನೇ ಹಿಡಿದು ಅವರು ತಿಲಕ್ ನಗರದ ಅಂಚಿನಿಂದ ಜೆ.ಪಿ. ನಗರದ ರಿಂಗ್ ರಸ್ತೆಯವರೆಗಿನ ಅಡುಗೆಮನೆಗಳನ್ನು ಒಂದೊಂದಾಗಿ ಗೆದ್ದರು. ಗೆದ್ದಲ್ಲೆಲ್ಲ ಅವರು ನೆಟ್ಟ ಬಾವುಟ ಸೋಯಾ ಅವರೆಯದು.

ದಿಗ್ವಿಜಯ ಶುರುವಾದದ್ದು ಅವರಿಗೆ ಐವತ್ತು ತುಂಬಿದ ವರ್ಷ. ಮೈ ಇದ್ದಕ್ಕಿದ್ದಂತೆ ಕಾದ ಬಾಣಲೆಯಾಗುವುದು, ಅವರು ಫ್ಯಾನು ಜೋರು ಮಾಡುವುದು, ಪಕ್ಕದಲ್ಲಿ ಪತಿ ಗುಂಡಣ್ಣನವರು ಕಿವಿಗೆ ಮಫ್ಲರ್ ಸುತ್ತಿಕೊಂಡು ನಡುಗುವುದು, ಹೀಗೆ ಸಂಸಾರ ಸಾಗುತ್ತಿದ್ದ ಕಾಲ. ಒಂದು ಭಾನುವಾರ ಪಾರ್ಕಿಗೆ ಯಾರೋ ಆಹಾರ ತಜ್ಞೆ ಬಂದು, ಮುಟ್ಟು ನಿಲ್ಲುವ ವಯಸ್ಸಿನವರಿಗೆ ಸೋಯಾ ಸ್ವಲ್ಪ ಅನುಕೂಲವಾಗಬಹುದು ಎಂದು ಹೇಳಿ, ಕಾಫಿ ಕುಡಿದು ಹೋದರು. 'ಸ್ವಲ್ಪ' ಎಂಬುದನ್ನೂ 'ಬಹುದು' ಎಂಬುದನ್ನೂ ಸೀತಾಲಕ್ಷ್ಮಿಯವರು ಪಾರ್ಕಿನ ಬೆಂಚಿನ ಮೇಲೇ ಬಿಟ್ಟು, ಉಳಿದದ್ದನ್ನು ಸೆರಗಿಗೆ ಕಟ್ಟಿಕೊಂಡು ಮನೆಗೆ ಬಂದರು.

ನಮ್ಮ ಬಡಾವಣೆಯ ಹಳೆಯ ಮನೆಗಳಲ್ಲಿ ಚಪಾತಿ ಹಿಟ್ಟನ್ನು ಅಂಗಡಿಯಿಂದ ತರುವುದೆಂದರೆ ಈಗಲೂ ಸಣ್ಣ ಅವಮಾನ. ಗೋಧಿ ಆರಿಸಬೇಕು, ಟೆರೇಸಿನ ಮೇಲೆ ಒಣಗಿಸಬೇಕು, ಮಿಲ್ಲಿಗೆ ಒಯ್ದು ಬೀಸಿಸಬೇಕು. ಸೀತಾಲಕ್ಷ್ಮಿಯವರು ಆ ಗೋಧಿಗೆ ಬೊಗಸೆ ತುಂಬ ಸೋಯಾ ಅವರೆ ಸೇರಿಸಿದರು. ಚಪಾತಿ ಮಲ್ಲಿಗೆಯಷ್ಟು ಮೆತ್ತಗಾಯಿತು, ಡಬ್ಬಿಯಲ್ಲಿಟ್ಟರೆ ಸಂಜೆಗೂ ಹಾಗೇ ಉಳಿಯಿತು. ಅಷ್ಟು ಸಾಕಾಯಿತು. ಪಾರ್ಕಿನ ವಾಕಿಂಗ್ ಗುಂಪು ಮೊದಲು ಶರಣಾಯಿತು, ಆಮೇಲೆ ಭಜನಾ ಮಂಡಳಿ, ಆಮೇಲೆ ಅಡ್ಡರಸ್ತೆಗಳು. ತಿಲಕ್ ನಗರದ ಮಿಲ್ಲಿನ ಮುಂದೆ ಸಾಲಾಗಿಟ್ಟ ಡಬ್ಬಗಳಲ್ಲೆಲ್ಲ ಗೋಧಿಯ ನಡುವೆ ಸೋಯಾ ಇಣುಕುವುದನ್ನು ಕಂಡು ಸೀತಾಲಕ್ಷ್ಮಿಯವರು ಒಳಗೊಳಗೇ ಪಟ್ಟಾಭಿಷೇಕ ಮಾಡಿಕೊಂಡರು.

ಗೆದ್ದವರಿಗೆ ಒಂದು ದೊಡ್ಡ ತೊಂದರೆಯಿದೆ. ಒಮ್ಮೆ ಗೆಲ್ಲಿಸಿದ ಆಯುಧವನ್ನು ಅವರು ಎಲ್ಲದಕ್ಕೂ ಎತ್ತುತ್ತಾರೆ. ಕೂದಲು ಉದುರಿತೇ, ಸೋಯಾ. ಮಂಡಿ ನೋವೇ, ಸೋಯಾ. ಸೊಸೆಯ ಜೊತೆ ಮನಸ್ತಾಪವೇ, ರಕ್ತದಲ್ಲಿ ಪ್ರೋಟೀನ್ ಕಮ್ಮಿಯಾಗಿದೆ, ಸೋಯಾ. ಹೋದ ವರ್ಷ ದೀಪಾವಳಿಯ ಎಣ್ಣೆನೀರಿನ ಬೆಳಗ್ಗೆ, ನಾದಿನಿ ತೇಜಸ್ವಿನಿ ತಲೆಯೊಡ್ಡಿ ಮಣೆಯ ಮೇಲೆ ಕೂತವಳು, "ಅತ್ತಿಗೆ, ಎಡಗಡೆ ಎದೇಲಿ ಏನೋ ಗಂಟಿನ ಥರ ಸಿಗ್ತಾ ಇದೆ" ಎಂದಾಗಲೂ ಆಯುಧ ತಾನೇ ಮೇಲೆದ್ದಿತು.

"ಹಾರ್ಮೋನ್ ಏರುಪೇರು ಕಣೆ. ನನಗೂ ಹಿಂಗೇ ಏನೇನೋ ಆಗ್ತಿತ್ತು. ಬೆಳಗ್ಗೆ ಒಂದು ಲೋಟ, ಸಂಜೆ ಒಂದು ಲೋಟ ಸೋಯಾ ಹಾಲು ಕುಡಿ."

"ತೋರಿಸ್ಕೊಳ್ಳೋದು ಬೇಡ್ವಾ?"

"ಹಬ್ಬದ ದಿನ ಆಸ್ಪತ್ರೆ ಮಾತಾಡ್ತಾರೇನೇ? ಕಣ್ಣು ಮುಚ್ಚು, ಸೀಗೆಪುಡಿ ಬೀಳುತ್ತೆ."

ತೇಜಸ್ವಿನಿ ಗುಂಡಣ್ಣನವರ ತಂಗಿ. ಐವತ್ತರ ಹತ್ತಿರ ವಯಸ್ಸು, ಬನಶಂಕರಿಯ ಶಾಲೆಯೊಂದರ ಆಫೀಸಿನಲ್ಲಿ ಕೆಲಸ. ಮದುವೆ ಮಾಡಿಕೊಳ್ಳಲಿಲ್ಲ, ಅದಕ್ಕೆ ಯಾವ ಕಣ್ಣೀರಿನ ಕಥೆಯೂ ಇಲ್ಲ, ಮನಸ್ಸಾಗಲಿಲ್ಲ ಅಷ್ಟೆ. ಅಣ್ಣನ ಮನೆಯ ಮಹಡಿಯಲ್ಲೇ ಇದ್ದಳು. ಸೀತಾಲಕ್ಷ್ಮಿಯವರು ಸೊಸೆಯಾಗಿ ಬಂದಾಗ ಅವಳಿನ್ನೂ ಯೂನಿಫಾರಂ ಹಾಕಿಕೊಂಡು ಶಾಲೆಗೆ ಹೋಗುವ ಹುಡುಗಿ. ಮೊದಲ ದಿನವೇ ಟೇಪು ಬಾಚಣಿಗೆ ಹಿಡಿದು ಬಂದು, ಹೊಸ ಅತ್ತಿಗೆಗೆ ಬೆನ್ನು ಹಾಕಿ ಕೂತಿದ್ದಳು. ಅಂದಿನಿಂದ ಆ ತಲೆಯ ಅಧಿಕಾರ ಅತ್ತಿಗೆಯದು. ಜಡೆ ಹೆಣೆಯುವುದು ನಿಂತರೂ ದೀಪಾವಳಿ ಯುಗಾದಿಗಳ ಎಣ್ಣೆ ನಿಲ್ಲಲಿಲ್ಲ.

ಕಾರ್ತೀಕದಲ್ಲಿ ತೇಜು ಇನ್ನೊಮ್ಮೆ ಕೇಳಿದಳು. ದೀಪೋತ್ಸವ ಮುಗಿಯಲಿ ಎಂದಾಯಿತು. ಆಮೇಲೆ ಧನುರ್ಮಾಸ ಬಂತು. ಒಳ್ಳೆಯ ಕೆಲಸಕ್ಕೇ ಆಗದ ತಿಂಗಳಲ್ಲಿ ಆಸ್ಪತ್ರೆಯ ಮೆಟ್ಟಿಲು ಯಾರು ಹತ್ತುತ್ತಾರೆ? ಸಂಕ್ರಾಂತಿ ಬಂತು, ಎಳ್ಳು ಬೀರುವುದಿತ್ತು. ರಥಸಪ್ತಮಿ ಬಂತು. ಶಿವರಾತ್ರಿ ಬಂತು. ನಮ್ಮ ಪಂಚಾಂಗದ ಔದಾರ್ಯವನ್ನು ಏನೆಂದು ಹೊಗಳುವುದು! ಬೇಡದ ಕೆಲಸವನ್ನು ಮುಂದೆ ಹಾಕಬೇಕೆನ್ನುವವರಿಗೆ ಅದು ಒಂದು ಪಕ್ಷವೂ ಬರಿಗೈಲಿ ಕಳಿಸುವುದಿಲ್ಲ.

ಯುಗಾದಿಯ ಬೆಳಗ್ಗೆ ಬೆನ್ನಿಗೆ ಎಣ್ಣೆ ಹಚ್ಚುತ್ತಿದ್ದ ಸೀತಾಲಕ್ಷ್ಮಿಯವರ ಕೈ ತೇಜುವಿನ ಎಡಗಂಕುಳ ಕೆಳಗೆ ಜಾರಿತು. ಅಲ್ಲಿ ಅಡಕೆಯಷ್ಟು ಗಟ್ಟಿಯಾದದ್ದೇನೋ ಸಿಕ್ಕಿತು. ಕೈ ಅಲ್ಲೇ ನಿಂತಿತು. ಆ ದಿನ ಹೋಳಿಗೆಗೆ ಬೇಯಿಸಿದ ಬೇಳೆ ತಳ ಹತ್ತಿತು. ಆ ಮನೆಯ ಇತಿಹಾಸದಲ್ಲಿ ಅದೇ ಮೊದಲು.

ವಾರ ಕಳೆಯುವುದರೊಳಗೆ ಸೂಜಿ ಹಾಕಿ ತೆಗೆದ ಪರೀಕ್ಷೆಯ ಫಲ ಬಂತು. ಸ್ತನದ ಕ್ಯಾನ್ಸರ್. ಕಂಕುಳಿಗೂ ಇಳಿದಿತ್ತು. ಹಾರ್ಮೋನಿಗೆ ಸ್ಪಂದಿಸಿ ಬೆಳೆಯುವ ಜಾತಿಯದು ಎಂದು ವರದಿ ಹೇಳಿತು. ಗುಂಡಣ್ಣನವರು ಅದನ್ನು ಮೂರು ಸಲ ಓದಿ, ಕನ್ನಡಕ ಒರೆಸಿಕೊಂಡು, ಕನ್ನಡಕದ್ದೇ ತಪ್ಪಿರಬಹುದು ಎನ್ನುವಂತೆ ಮತ್ತೊಮ್ಮೆ ಓದಿದರು.

ಆ ಹೊತ್ತಿಗೆ ಸರಿಯಾಗಿ ಪಾರ್ಕಿನ ವಾಟ್ಸಾಪ್ ಗುಂಪಿನಲ್ಲಿ ಜಯದೇವಪ್ಪನವರ ಸಂದೇಶ ಬಿತ್ತು. ನಿವೃತ್ತರಾದ ಮೇಲೆ ಜಗತ್ತಿಗೆ ಎಚ್ಚರಿಕೆ ಕೊಡುವುದನ್ನೇ ಅವರು ವೃತ್ತಿ ಮಾಡಿಕೊಂಡಿದ್ದರು. 'ಸೋಯಾದಲ್ಲಿ ಹೆಣ್ಣು ಹಾರ್ಮೋನು! ತಿಂದರೆ ಸ್ತನದ ಕ್ಯಾನ್ಸರ್ ಖಚಿತ! ನಿಮ್ಮ ಅಕ್ಕತಂಗಿಯರನ್ನು ಉಳಿಸಿ!' ಕೆಳಗೆ ಕೆಂಪು ಬಣ್ಣದ ತಲೆಬುರುಡೆಗಳು.

ಸೀತಾಲಕ್ಷ್ಮಿಯವರು ಅದನ್ನು ಓದಿ ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟರು. ಏಳು ವರ್ಷದ ಚಪಾತಿ ಕಣ್ಣ ಮುಂದೆ ಬಂತು. ಐದು ತಿಂಗಳ ಸೋಯಾ ಹಾಲು, ಬೆಳಗ್ಗೆ ಒಂದು ಲೋಟ, ಸಂಜೆ ಒಂದು ಲೋಟ, ತಾವೇ ಮಹಡಿ ಹತ್ತಿ ಕೊಟ್ಟು ಬಂದದ್ದು. ಬರಿಸಿದವರೂ ತಾವೇ, ಬಂದ ಮೇಲೆ ಉಣಿಸಿ ಬೆಳೆಸಿದವರೂ ತಾವೇ!

ಆಮೇಲೆ ನಡೆದದ್ದು ಸರ್ಪಯಾಗ. ಜನಮೇಜಯನೂ ಅಷ್ಟು ಶ್ರದ್ಧೆಯಿಂದ ಹಾವು ಹುಡುಕಿರಲಾರ. ಸೋಯಾ ಅವರೆ, ಸೋಯಾ ಹಿಟ್ಟು, ಹಾಲಿನ ಪ್ಯಾಕೆಟ್ಟು, ಪಲಾವಿಗೆ ಹಾಕುವ ಉಂಡೆಗಳು, ಎಲ್ಲ ಕಸದ ಗಾಡಿ ಸೇರಿದವು. ಭೂತಗನ್ನಡಿ ಹಿಡಿದು ಬಿಸ್ಕತ್ತಿನ ಪೊಟ್ಟಣ ಓದಿದರು; ಅಲ್ಲೂ ಸೋಯಾ. ಚಾಕಲೇಟಿನಲ್ಲಿ ಸೋಯಾ. ಗುಂಡಣ್ಣನವರು ಸಂಜೆ ಕದ್ದು ತಿನ್ನುತ್ತಿದ್ದ ಗೋಬಿ ಮಂಚೂರಿಯಲ್ಲಿ ಸೋಯಾ, ಅದೂ ಕಪ್ಪು ವೇಷದಲ್ಲಿ!

"ಲೇ ಸೀತಾ, ನನಗ್ಯಾಕೇ ಶಿಕ್ಷೆ? ನನಗೆ ಆ ಕಾಯಿಲೆ ಬರುತ್ತಾ?"

"ಬಾಯ್ಮುಚ್ಕೊಂಡು ಅವಲಕ್ಕಿ ತಿನ್ರೀ."

ಕೊನೆಗೆ ಮಿಲ್ಲು ಉಳಿಯಿತು. ಮಿಲ್ಲಿನವನು ಮೌನೇಶ, ಯಾದಗಿರಿ ಕಡೆಯವನು, ಹುಬ್ಬು ರೆಪ್ಪೆಗಳೆಲ್ಲ ಹಿಟ್ಟಿನಿಂದ ಬೆಳ್ಳಗಾದ ಮನುಷ್ಯ. ಸೀತಾಲಕ್ಷ್ಮಿಯವರು ಬರೀ ಗೋಧಿಯ ಡಬ್ಬ ಅವನ ಮುಂದಿಟ್ಟರು.

"ಮಿಷನ್ನು ಪೂರ್ತಿ ತೊಳೆದು ಆಮೇಲೆ ನಂದು ಹಾಕಪ್ಪ. ಒಂದು ಕಾಳು ಸೋಯಾ ಇರಬಾರದು."

"ತೊಳಿಯೂದಾ? ಅಕ್ಕಾರ, ಇದೇನ್ ಅನ್ನದ ಗಡಿಗೇನ್ರೀ? ಕಲ್ಲಿನಾಗ ಹಿಂದಿನವ್ರ ಹಿಟ್ಟು ಒಂದೀಟು ಉಳದ ಉಳಿತೈತ್ರಿ."

"ಹಂಗಾದ್ರೆ ಸೋಯಾ ಹಾಕದೇ ಇರೋರದ್ದು ಆದ್ಮೇಲೆ ನಂದು ಹಾಕು. ಕಾಯ್ತೀನಿ."

ಮೌನೇಶ ಸಾಲಿನ ಡಬ್ಬಗಳ ಮುಚ್ಚಳ ಒಂದೊಂದಾಗಿ ಎತ್ತಿ ತೋರಿಸಿದ. "ನೋಡ್ರಿ. ಇದ್ರಾಗೂ ಐತಿ, ಇದ್ರಾಗೂ ಐತಿ. ಇಡೀ ಏರಿಯಾದಾಗ ಸೋಯಾ ಇಲ್ದ ಗೋಧಿ ಎಲ್ಲೈತ್ರೀ? ನೀವಾ ಅಲ್ಲೇನ್ರಿ ಎಲ್ಲಾರಿಗೂ ಕಲಿಸಿದವ್ರು?"

ತಾವು ಗೆದ್ದ ರಾಜ್ಯದ ನಡುವೆ ಸೀತಾಲಕ್ಷ್ಮಿಯವರು ಖಾಲಿ ಚೀಲ ಹಿಡಿದು ನಿಂತರು. ಎಲ್ಲ ದಿಕ್ಕಿನಲ್ಲೂ ತಮ್ಮದೇ ಬಾವುಟ. ಡಬ್ಬ ಎತ್ತಿಕೊಂಡು ಹೊರಟವರು, ಅಂದಿನಿಂದ ಪ್ಯಾಕೆಟ್ಟಿನ ಹಿಟ್ಟು ತಂದರು. ಆ ಚಪಾತಿ ಚಪ್ಪಲಿಗೆ ಅಟ್ಟೆಯಾಗಬಹುದಿತ್ತು. ತೇಜು ಏನೂ ಹೇಳದೆ ಹರಿದು ಹರಿದು ತಿಂದಳು. ಹೇಳದೆ ಇದ್ದದ್ದೇ ಸೀತಾಲಕ್ಷ್ಮಿಯವರಿಗೆ ಮುಳ್ಳಾಯಿತು. ಅವಳಿಗೆ ಗೊತ್ತು, ನನ್ನಿಂದಲೇ ಅಂತ ಗೊತ್ತು, ಅದಕ್ಕೇ ಸುಮ್ಮನಿದ್ದಾಳೆ. ಮಹಡಿ ಹತ್ತುವುದನ್ನು ಕಡಿಮೆ ಮಾಡಿದರು. ತಟ್ಟೆಯನ್ನು ಗುಂಡಣ್ಣನವರ ಕೈಲಿ ಕಳಿಸತೊಡಗಿದರು.

ಬಿಳೇಕಹಳ್ಳಿ ಹತ್ತಿರದ ಆಸ್ಪತ್ರೆಯೊಂದರಲ್ಲಿ ಕೀಮೋ ಕೊಡುವ ಡಾಕ್ಟರನ್ನು ಮೊದಲ ಸಲ ಕಾಣುವ ದಿನ ಮಾತ್ರ ಅವರು ಹಟ ಹಿಡಿದು ಜೊತೆಗೆ ಹೋದರು. ರೇಷ್ಮೆ ಸೀರೆ ಉಟ್ಟಿದ್ದರು. ತಪ್ಪೊಪ್ಪಿಗೆಗೂ ಒಂದು ಮರ್ಯಾದೆ ಬೇಡವೇ?

ಡಾಕ್ಟರ್ ಪ್ರಕೃತಿ ಸಣ್ಣ ವಯಸ್ಸಿನವರು. ಫೈಲು ತೆರೆಯುವ ಮೊದಲೇ ಸೀತಾಲಕ್ಷ್ಮಿಯವರು ಎದ್ದು ನಿಂತರು.

"ಡಾಕ್ಟ್ರೇ, ಇವಳಿಗೆ ಈ ಕಾಯಿಲೆ ತಂದಿದ್ದು ನಾನು."

ಡಾಕ್ಟರ್ ಪೆನ್ನು ಕೆಳಗಿಟ್ಟರು. "ಕೂತ್ಕೊಳ್ಳಿ ಆಂಟಿ. ಏನಾಯ್ತು?"

"ಏಳು ವರ್ಷ ಸೋಯಾ ತಿನ್ನಿಸಿದೀನಿ. ಚಪಾತೀಲಿ, ಹಾಲಲ್ಲಿ, ಪಲ್ಯದಲ್ಲಿ. ಇವಳು ಬೇಡ ಅಂದ್ರೂ ಬಿಡ್ತಿರ್ಲಿಲ್ಲ."

"ಅತ್ತಿಗೆ, ಕೂತ್ಕೊಳ್ಳೀ" ಎಂದು ತೇಜು ಸೆರಗು ಎಳೆದಳು.

ಡಾಕ್ಟರಿಗೆ ನಗು ಬಂದಿತ್ತು. ಆದರೆ ಎದುರಿಗಿದ್ದ ಮುಖ ನೋಡಿ ಅದನ್ನು ನುಂಗಿಕೊಂಡರು. "ಆಂಟಿ, ದಿನಾ ಒಬ್ಬರಾದ್ರೂ ಇದನ್ನ ಕೇಳ್ತಾರೆ. ಸೋಯಾದಲ್ಲಿ ಹಾರ್ಮೋನಿನ ಥರ ಕಾಣೋ ಒಂದು ವಸ್ತು ಇದೆ, ಅದು ನಿಜ. ಆದ್ರೆ ಅದು ನಮ್ಮ ಮೈಯಲ್ಲಿರೋ ಹಾರ್ಮೋನಿನಷ್ಟು ಜೋರಾಗಿ ಕೆಲಸ ಮಾಡಲ್ಲ. ತುಂಬಾ ಸೋಯಾ ತಿನ್ನೋ ದೇಶಗಳ ಸಾವಿರಾರು ಹೆಂಗಸರನ್ನ ವರ್ಷಗಟ್ಟಲೆ ನೋಡಿದಾರೆ. ಊಟದಲ್ಲಿ ಸೋಯಾ ತಿಂದವರಿಗೆ ಈ ಕಾಯಿಲೆ ಜಾಸ್ತಿ ಬಂದಿಲ್ಲ. ಕೆಲವು ಕಡೆ ಸ್ವಲ್ಪ ಕಮ್ಮಿನೇ ಇತ್ತು. ಕಾಯಿಲೆ ಬಂದವರು ತಿಂದ್ರೂ ಕೆಟ್ಟದಾಗಿದ್ದು ಕಂಡಿಲ್ಲ."

"ಮತ್ತೆ ಆ ಮೆಸೇಜು?"

"ಹಳೇ ಭಯ. ಇಲಿಗಳಿಗೆ ಅದರ ಸಾರ ತೆಗೆದು ಕೊಟ್ಟಾಗ ಗಡ್ಡೆ ಬೆಳೀತು ಅಂತ ಶುರುವಾಯ್ತು. ಇಲಿ ಮೈ ಬೇರೆ, ನಮ್ಮ ಮೈ ಬೇರೆ. ಸೋಯಾ ಸಾರದ ಮಾತ್ರೆ, ಪುಡಿ ಅಂತ ಮಾರ್ತಾರಲ್ಲ, ಅದು ಮಾತ್ರ ನಮ್ಮನ್ನ ಕೇಳದೆ ಬೇಡ. ಚಪಾತಿ ಹಿಟ್ಟಿಗೆ ಹಾಕೋದು ಮಾಮೂಲಿ ಊಟ. ನಿಮ್ಮಿಂದ ಬಂದಿದ್ದಲ್ಲ ಇದು."

ಸೀತಾಲಕ್ಷ್ಮಿಯವರ ಬೆನ್ನು ನೆಟ್ಟಗಾಯಿತು. ಕಳೆದುಕೊಂಡ ರಾಜ್ಯ ಒಂದೇ ಮಾತಿನಲ್ಲಿ ಮರಳಿ ಬಂದಿತ್ತು. ಜಯದೇವಪ್ಪನವರಿಗೆ ಗುಂಪಿನಲ್ಲಿ ಯಾವ ಮಾತಿನಿಂದ ಉತ್ತರ ಕೊಡಬೇಕೆಂದು ಮನಸ್ಸು ಆಗಲೇ ಪದ ಆರಿಸುತ್ತಿತ್ತು.

ಡಾಕ್ಟರ್ ಫೈಲು ತೆರೆದರು. "ಯುಗಾದಿ ದಿನ ಗಂಟು ಸಿಕ್ತು ಅಂತ ಬರೆಸಿದೀರ. ಇಷ್ಟು ದೊಡ್ಡದಾಗಿದೆಯಲ್ಲ, ಅದಕ್ಕೇ ಕೇಳ್ತಿದೀನಿ, ಯುಗಾದಿಗೆ ಮುಂಚೆ ಏನೂ ಗೊತ್ತಾಗಿರ್ಲಿಲ್ವಾ ಮೇಡಂ?"

ತೇಜು ಗೋಡೆಯ ಮೇಲಿನ ಚಿತ್ರ ನೋಡುತ್ತ ಹೇಳಿದಳು: "ಇಲ್ಲ ಡಾಕ್ಟ್ರೇ. ಗೊತ್ತಾಗ್ಲಿಲ್ಲ."

ರಾಜ್ಯ ಮರಳಿ ಬಂದು ಒಂದು ಗುಟುಕು ನೀರು ಕುಡಿಯುವಷ್ಟು ಹೊತ್ತೂ ಆಗಿರಲಿಲ್ಲ. ಮಾಡದ ಅಪರಾಧಕ್ಕೆ ರೇಷ್ಮೆ ಸೀರೆ ಉಟ್ಟು ಶರಣಾಗಲು ಬಂದವರ ಮುಂದೆ, ಮಾಡಿದ್ದು ಬಂದು ಕೂತಿತು. ಅದನ್ನು ನೋಡಿದವರು ಇಬ್ಬರೇ. ಒಬ್ಬಳು ಈಗ ತಾನೇ ಅದರ ಮೇಲೆ ಬಟ್ಟೆ ಮುಚ್ಚಿದ್ದಳು. ಸುಮ್ಮನಿದ್ದರೆ ಮುಗಿಯುತ್ತಿತ್ತು. ಸುಮ್ಮನಿರುವುದು ಸೀತಾಲಕ್ಷ್ಮಿಯವರಿಗೆ ಹುಟ್ಟಿನಿಂದ ಬಾರದ ವಿದ್ಯೆ. ಆದರೂ ಆ ದಿನ ಒಂದು ಗಳಿಗೆ ಅದನ್ನು ಪ್ರಯತ್ನಿಸಿ ನೋಡಿದರು.

"ದೀಪಾವಳಿಗೆ" ಎಂದರು ಕೊನೆಗೆ. "ದೀಪಾವಳಿಗೇ ಗೊತ್ತಾಗಿತ್ತು. ನನ್ನ ಹತ್ರ ಹೇಳಿದ್ಲು. ಏನಿಲ್ಲ ಅಂದೆ. ಹಬ್ಬ ಆಗ್ಲಿ, ಹಬ್ಬ ಆಗ್ಲಿ ಅಂದೆ."

ಡಾಕ್ಟರ್ ಬೈಯಲಿಲ್ಲ. ಹಳೆಯ ದಿನಾಂಕ ಹೊಡೆದು ಹಾಕಿ ಹೊಸದು ಬರೆದರು.

"ಆಗ್ಲೇ ಬಂದಿದ್ರೆ..." ಎಂದರು ಸೀತಾಲಕ್ಷ್ಮಿಯವರು.

"ಆಗ ಚಿಕ್ಕದಿರ್ತಿತ್ತು. ಕಂಕುಳಿಗೆ ಇಳಿದಿತ್ತೋ ಇಲ್ವೋ, ಅದನ್ನ ಈಗ ಯಾರೂ ಹೇಳಕ್ಕಾಗಲ್ಲ ಆಂಟಿ. ನಾನೂ ಸುಳ್ಳು ಸಮಾಧಾನ ಹೇಳಲ್ಲ. ಈಗ ಚಿಕಿತ್ಸೆ ಇದೆ, ಶುರು ಮಾಡೋಣ."

ಮನೆಗೆ ಆಟೋದಲ್ಲಿ ಹೊರಟರು. ಬನ್ನೇರುಘಟ್ಟ ರಸ್ತೆಯ ಟ್ರಾಫಿಕ್ಕು ಅಲುಗಾಡುತ್ತಿರಲಿಲ್ಲ. ಸಿಗ್ನಲ್ಲಿನಲ್ಲಿ ನಿಂತಾಗ ಸೀತಾಲಕ್ಷ್ಮಿಯವರು ಕೇಳಿದರು:

"ಯಾಕೆ ಸುಳ್ಳು ಹೇಳ್ದೆ?"

"ಆಗಷ್ಟೇ ಗೆದ್ದು ಕೂತಿದ್ರಿ. ಮುಖ ಎಷ್ಟು ಚೆನ್ನಾಗಿತ್ತು. ಹಾಳು ಮಾಡಕ್ಕೆ ಮನಸ್ಸು ಬರ್ಲಿಲ್ಲ."

"ಬೈಯೇ ನನ್ನ. ಒಂದ್ಸಲ ಬಾಯ್ತುಂಬ ಬೈದುಬಿಡು ತೇಜು."

ತೇಜು ಹೊರಗೆ ನೋಡಿದಳು. ಪಕ್ಕದ ಬಸ್ಸಿನ ಕಿಟಕಿಯಲ್ಲಿ ಯಾರೋ ಕಡಲೆಕಾಯಿ ಸುಲಿಯುತ್ತಿದ್ದರು.

"ಅತ್ತಿಗೆ, ನಾನು ನಿಮ್ಮನ್ನೇ ಯಾಕೆ ಕೇಳ್ದೆ ಅಂತ ಯೋಚನೆ ಮಾಡಿದೀರಾ? ಅಣ್ಣನಿಗೆ ಹೇಳಿದ್ರೆ ಅವತ್ತೇ ಗಾಡಿ ತೆಗೀತಿದ್ದ. ಸ್ಕೂಲಲ್ಲಿ ಹೇಳಿದ್ರೆ ಕೈ ಹಿಡ್ಕೊಂಡು ಎಳ್ಕೊಂಡು ಹೋಗ್ತಿದ್ರು. ನೀವಾದ್ರೆ ಏನಿಲ್ಲ ಅಂತೀರ ಅಂತ ಗೊತ್ತಿತ್ತು. ನನಗೆ ಅದೇ ಬೇಕಿತ್ತು."

ಆಟೋ ಮುಂದೆ ಸರಿಯಿತು. ಈ ಮಾತು ಸಮಾಧಾನವೋ ಶಿಕ್ಷೆಯೋ ಸೀತಾಲಕ್ಷ್ಮಿಯವರಿಗೆ ತಿಳಿಯಲಿಲ್ಲ. ಇವತ್ತಿಗೂ ತಿಳಿದಿಲ್ಲ. ಅರ್ಧ ಭಾರ ಅವಳು ಹೊತ್ತುಕೊಂಡಳು ಎಂದು ಒಮ್ಮೆ ಅನಿಸುತ್ತದೆ. ಅಷ್ಟು ನಂಬಿ ಬಂದವಳನ್ನು, ಅವಳು ಬಯಸಿದ್ದನ್ನೇ ಕೊಟ್ಟು ಕಳಿಸಿದೆನಲ್ಲ ಎಂದು ಇನ್ನೊಮ್ಮೆ ಅನಿಸುತ್ತದೆ.

ಮನೆ ಮುಟ್ಟುವಾಗ ತೇಜು ಹೇಳಿದಳು, "ಒಂದು ಕೇಳ್ತೀನಿ, ಮಾಡ್ತೀರಾ? ಆ ಪ್ಯಾಕೆಟ್ ಹಿಟ್ಟು ಬಿಸಾಕಿ. ಹಲ್ಲು ಬಿದ್ದುಹೋಗ್ತಿದೆ."

ಮರುದಿನವೇ ಸೀತಾಲಕ್ಷ್ಮಿಯವರು ಮಿಲ್ಲಿನ ಮುಂದೆ ಹಾಜರು. ಮೌನೇಶ ಮುಚ್ಚಳ ಎತ್ತಿದ, ಗೋಧಿಯ ನಡುವೆ ಸೋಯಾ ಕಂಡ, ಅವರ ಮುಖ ನೋಡಿದ. "ತೊಳೀಲೇನ್ರಿ ಅಕ್ಕಾರ?" ಎಂದ. "ಮೊದಲು ನಿನ್ನ ಮುಖ ತೊಳ್ಕೋ, ಹೋಗು" ಎಂದರು. ಪಾರ್ಕಿನ ಗುಂಪಿನಲ್ಲಿ ಜಯದೇವಪ್ಪನವರಿಗೆ ಉತ್ತರವನ್ನೂ ಕೊಟ್ಟರು. ಆರಿಸಿಟ್ಟುಕೊಂಡಿದ್ದ ಪದಗಳು ಯಾವುವೂ ಅದರಲ್ಲಿರಲಿಲ್ಲ. 'ಡಾಕ್ಟರನ್ನು ಕೇಳಿದೆ. ಊಟದ ಸೋಯಾದಿಂದ ಬರುವುದಿಲ್ಲವಂತೆ. ತಡ ಮಾಡಿದರೆ ಕಷ್ಟವಂತೆ.' ಅಷ್ಟೆ. ಏಳು ವರ್ಷದಲ್ಲಿ ಅವರು ಬರೆದ ಅತ್ಯಂತ ಚಿಕ್ಕ ಆಜ್ಞೆ ಅದು. ಕೈ ಮುಗಿದ ಚಿತ್ರಗಳು ಒಂದಷ್ಟು ಬಂದವು. ತಪಾಸಣೆಗೆ ಯಾರಾದರೂ ಹೋದರೋ ಇಲ್ಲವೋ ತಿಳಿಯಲಿಲ್ಲ.

ಕೀಮೋ ಮಳೆಗಾಲವನ್ನೆಲ್ಲ ತಿಂದಿತು. ಬಾಯಿಗೆ ರುಚಿ ಹೋಯಿತು, ಉಗುರು ಕಪ್ಪಾಯಿತು. ಅತ್ತಿಗೆ ಆಳುತ್ತಿದ್ದ ಆ ಕೂದಲು ದಿಂಬಿನ ಮೇಲೆ ಎಳೆಎಳೆಯಾಗಿ ಉಳಿಯಿತು. ಸೀತಾಲಕ್ಷ್ಮಿಯವರು ಈಗ ಮಹಡಿಗೆ ತಾವೇ ತಟ್ಟೆ ಒಯ್ಯುತ್ತಿದ್ದರು. ಕೆಲವು ದಿನ ಅರ್ಧ ಚಪಾತಿ ಹೋಗುತ್ತಿತ್ತು, ಕೆಲವು ದಿನ ಅದೂ ಇಲ್ಲ. ದಸರೆಗೆ ಮುಂಚೆ ಆಪರೇಷನ್ ಆಯಿತು. ಕಂಕುಳಿಂದ ತೆಗೆದದ್ದರಲ್ಲಿ ಇನ್ನೂ ಸ್ವಲ್ಪ ಉಳಿದಿತ್ತು, ರೇಡಿಯೇಷನ್ ಬೇಕು, ಆಮೇಲೆ ವರ್ಷಗಟ್ಟಲೆ ಮಾತ್ರೆ, ನೋಡೋಣ ಎಂದರು ಡಾಕ್ಟರ್ ಪ್ರಕೃತಿ. ಆ ಮನೆಯಲ್ಲಿ 'ನೋಡೋಣ' ಎಂಬ ಪದಕ್ಕೆ ಈಗ ಎಲ್ಲರೂ ಬೆಚ್ಚುತ್ತಾರೆ.

ಮತ್ತೆ ದೀಪಾವಳಿ ಬಂತು. ಬೆಳಗಿನ ಜಾವ ಹಂಡೆಗೆ ಸುಣ್ಣದ ಪಟ್ಟೆ, ಕೊರಳಿಗೆ ಹಾಗಲಬಳ್ಳಿ. ಎಣ್ಣೆಯ ಬಟ್ಟಲು ಹಿಡಿದು ಸೀತಾಲಕ್ಷ್ಮಿಯವರು ಬಚ್ಚಲ ಬಾಗಿಲಲ್ಲಿ ನಿಂತರು, ಒಳಗೆ ಹೋಗಲಿಲ್ಲ. ಮಣೆಯ ಮೇಲೆ ತೇಜು ಕೂತಿದ್ದಳು. ತಲೆಯ ಮೇಲೆ ರಾಗಿ ಪೈರು ಮೊಳೆತಷ್ಟು ಕೂದಲು.

"ಏನು ನಿಂತ್ರಿ? ಕೂದಲು ಹೋಗಿದೆ, ತಲೆ ಇಲ್ಲೇ ಇದೆ. ಹಚ್ಚಿ."

ಹಚ್ಚಿದರು. ಅಂಗೈಗೆ ಏನೂ ತಡೆಯಿರಲಿಲ್ಲ; ಎಣ್ಣೆ ನೇರವಾಗಿ ಕೊರಳಿಗೆ ಇಳಿಯಿತು. ಹೊಲಿಗೆ ಹಾಕಿದ ಕಡೆಗೆ ಹರಿಯದಂತೆ ಸೆರಗಿನಿಂದ ತಡೆದರು.

"ನಿಮ್ಮದು ತೋರಿಸ್ಕೊಂಡ್ರಾ?" ಎಂದಳು ತೇಜು, ತಲೆ ಎತ್ತದೆ.

"ಯಾವ್ದು?"

"ಗೊತ್ತಿಲ್ವಾ ಯಾವ್ದು ಅಂತ? ಡಾಕ್ಟ್ರು ಎರಡು ಸಲ ಹೇಳಿದ್ರು. ಆಂಟಿ, ನಿಮಗೂ ವಯಸ್ಸಾಗಿದೆ, ಒಂದ್ಸಲ ಮ್ಯಾಮೋಗ್ರಾಂ ಮಾಡಿಸಿ ಅಂತ."

"ಮಾಡಿಸ್ತೀನಮ್ಮ, ಇದೊಂದು ಕಾರ್ತೀಕ ಮಾಸ ಕಳೀ..."

ಮಾತು ಅಲ್ಲೇ ಮುರಿಯಿತು. ತೇಜು ನಿಧಾನವಾಗಿ ತಿರುಗಿ ನೋಡಿದಳು. ಮುಖದ ಮೇಲೆಲ್ಲ ಎಣ್ಣೆ. ನಕ್ಕಳೋ ಅತ್ತಳೋ, ಎರಡೂ ಒಂದೇ ಥರ ಹೊಳೆಯುತ್ತಿತ್ತು.

"ಅಣ್ಣಾ!" ಎಂದು ಕೂಗಿದಳು. "ನಾಳೆ ಸ್ಕ್ಯಾನಿಂಗ್ ಸೆಂಟರ್ ತೆಗೆದಿರುತ್ತಾ ಕೇಳು!"

"ಹಬ್ಬ ಅಲ್ವೇನೇ ನಾಳೆ?" ಎಂದು ಒಳಗಿನಿಂದ ಗುಂಡಣ್ಣನವರ ಧ್ವನಿ ಬಂತು.

"ಕೇಳು ಅಂದೆ."

ಮರುದಿನ ಸೆಂಟರ್ ತೆಗೆದಿರಲಿಲ್ಲ. ಬಲಿಪಾಡ್ಯಮಿಯ ಮಾರನೆಯ ಬೆಳಗ್ಗೆ ಬಾಗಿಲು ತೆಗೆಯುವ ಮೊದಲೇ ಇಬ್ಬರೂ ಅದರ ಮೆಟ್ಟಿಲ ಮೇಲಿದ್ದರು. ತಲೆಗೆ ಉಲ್ಲನ್ ಟೋಪಿ ಹಾಕಿದ ತೇಜುವಿನ ಮಡಿಲಲ್ಲಿ ಚಪಾತಿಯ ಡಬ್ಬಿ. ಸೋಯಾ ಸಾಮ್ರಾಜ್ಞಿ ಸೀತಾಲಕ್ಷ್ಮಿಯವರು ಮೊಣಕಾಲ ಪಟ್ಟಿಯನ್ನು ಬಿಚ್ಚುತ್ತ ಕಟ್ಟುತ್ತ ಕೂತಿದ್ದರು. ಅವರ ಜೀವನದಲ್ಲಿ ಮೊದಲ ಬಾರಿಗೆ ಯಾರಿಗೂ ಯಾವ ಸಲಹೆಯೂ ಕೊಡಲು ತೋಚುತ್ತಿರಲಿಲ್ಲ. ಒಳಗಿನಿಂದ ಅವರ ಹೆಸರು ಕೂಗಿದರು.

"ನೀನೂ ಬಾರೇ" ಎಂದರು.

"ಬಾಗಿಲ ತನಕ ಬರ್ತೀನಿ. ಒಳಗೆ ಬಿಡಲ್ಲ" ಎಂದು ತೇಜು ಎದ್ದು, ಅವರ ಕೈಯಿಂದ ಚೀಲ ತೆಗೆದುಕೊಂಡಳು.